ಅಮ್ಮಾ ಎನ್ನದ ಕೂಗು

ಐದು ವರ್ಷದ ಮಗುವಿಗೆ ಅಳುವ ನಟನೆ ಬರುವುದಿಲ್ಲ. ನಗು ಬರುತ್ತದೆ, ಕುಣಿತ ಬರುತ್ತದೆ, ಹೇಳಿಕೊಟ್ಟ ಮಾತು ಗಿಣಿಯಂತೆ ಬರುತ್ತದೆ. ಅಳು ಬರುವುದಿಲ್ಲ. ಪರದೆಯ ಮೇಲೆ ಅಷ್ಟು ಚಿಕ್ಕ ಮಗು ಎದೆ ಬಿರಿಯುವ ಹಾಗೆ ಅಳುತ್ತಿದ್ದರೆ, ಒಂದೋ ಆ ದನಿ ಮಗುವಿನದಲ್ಲ, ಇಲ್ಲವೇ ಆ ಅಳು ನಟನೆಯಲ್ಲ. ಇದನ್ನು ತಿಳಿಯುವುದಕ್ಕೆ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಬೇಕಿಲ್ಲ. ಮನೆಯಲ್ಲಿ ಒಂದು ಮಗುವನ್ನು ಸಾಕಿದವರಿಗೆಲ್ಲ ಗೊತ್ತು. ಗೊತ್ತಿದ್ದೂ ನಾವು ಟಿಕೆಟ್ಟು ಹರಿಸಿಕೊಂಡು ಒಳಗೆ ಹೋಗಿ, ಕತ್ತಲಲ್ಲಿ ಕೂತು, "ಅಬ್ಬಾ, ಎಂಥಾ ನಟನೆ ಮಗೂದು!" ಎಂದು ಬಾಯಿ ಚಪ್ಪರಿಸುತ್ತೇವೆ.

ಮಗುವಿನದಲ್ಲದ ಆ ದನಿ ಮೂವತ್ತು ವರ್ಷ ಒಬ್ಬ ಹೆಂಗಸಿನ ಗಂಟಲಿನಿಂದ ಬರುತ್ತಿತ್ತು. ಈಗ ಐವತ್ತೆಂಟರ ವಯಸ್ಸು, ಎರಡೂ ಮೊಣಕಾಲು ನೋವು, ಮೂಗಿನ ತುದಿಯಲ್ಲಿ ಕನ್ನಡಕ, ಹೈಸ್ಕೂಲಿಗೆ ಹೋಗುವ ಮೊಮ್ಮಗಳು. ಸ್ಟುಡಿಯೋದಲ್ಲಿ ಎಲ್ಲರಿಗೂ ಅವಳು ಪುಟ್ಟಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಬ್ಯಾಂಕಿನಲ್ಲಿ ಆ ಹೆಸರು ಕೂಗಿದರೆ, ಯಾರನ್ನು ಕರೆಯುತ್ತಿದ್ದಾರೆ ಎಂದು ಅವಳೇ ಹಿಂದೆ ತಿರುಗಿ ನೋಡುತ್ತಾಳೆ.

ಅವಳ ಕೆಲಸ, ಸಿನಿಮಾದ ಮಕ್ಕಳಿಗೆ ದನಿ ಕೊಡುವುದು. ನೀವು ಚಿಕ್ಕವರಿದ್ದಾಗ ನೋಡಿದ ಸಿನಿಮಾದಲ್ಲಿ ರೈಲು ನಿಲ್ದಾಣದಲ್ಲಿ ಕಳೆದುಹೋಗಿ ಅತ್ತ ಹುಡುಗ ಅವಳೇ ಆಗಿದ್ದಿರಬಹುದು. ಆಸ್ಪತ್ರೆಯಲ್ಲಿ ನರಳಿದ ಅವಳಿಗಳಿಬ್ಬರೂ ಅವಳೇ ಆಗಿದ್ದಿರಬಹುದು. ತೊಟ್ಟಿಲ ಕೂಸಿನ ದನಿ ಬೇಕಾದಾಗ ಒದ್ದೆ ಕರವಸ್ತ್ರವನ್ನು ಮಡಚಿ ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಅಳುವ ದೃಶ್ಯವಿದ್ದರೆ ಮೈಕನ್ನು ಕೆಳಗಿಳಿಸಿ ನೆಲದ ಮೇಲೇ ಕೂರುತ್ತಿದ್ದಳು. "ಮಗೂನ ಅಳು ನೆಲದಿಂದ ಏಳ್ಬೇಕು ಕಣಪ್ಪಾ. ನಿಂತ್ಕೊಂಡು ಅತ್ರೆ ಅದು ಸಾಲ ವಾಪಸ್ ಬರದೇ ಇರೋನ ಅಳು," ಎನ್ನುತ್ತಿದ್ದಳು.

ಇಂಥ ಕಸುಬಿನವರ ಮನೆಯಲ್ಲಿ ನಿಜವಾದ ಕಣ್ಣೀರಿಗೆ ಬೆಲೆ ಇರುವುದಿಲ್ಲ. ಅವಳ ಗಂಡ ಬಸ್ಸು ಓಡಿಸಿ ನಿವೃತ್ತನಾದವನು. ಅವಳು ಅತ್ತರೆ ಆತ ಓದುತ್ತಿದ್ದ ಪೇಪರಿನ ಪುಟ ತಿರುವುತ್ತಾನೆ, ಅಷ್ಟೇ. ಅತ್ತೆ ತೀರಿಕೊಂಡ ದಿನ ಅವಳು ಬಿಕ್ಕಿ ಬಿಕ್ಕಿ ಅತ್ತರೆ ನಾದಿನಿ ಪಕ್ಕದವಳ ಕಿವಿಯಲ್ಲಿ, "ನಂಬಬೇಡ ಕಣೇ, ಅವಳ ಕೆಲಸಾನೇ ಅದು," ಅಂದಳಂತೆ. ಅದು ಕೇಳಿಸಿ ಪುಟ್ಟಕ್ಕನಿಗೆ ನಗು ಬಂದುಬಿಟ್ಟಿತು. ಹೆಣದ ಮುಂದೆ ನಕ್ಕವಳು ಎಂಬ ಮಾತು ಇವತ್ತಿಗೂ ಅವಳ ಬೆನ್ನು ಬಿಟ್ಟಿಲ್ಲ.

ಈ ವಿದ್ಯೆಯನ್ನು ಅವಳು ಕಲಿತದ್ದು ಸಿನಿಮಾದವರಿಂದಲ್ಲ. ಅದಕ್ಕೆ ಮೊದಲು ಎಂಟು ವರ್ಷ ಒಂದು ಶಿಶುವಿಹಾರದಲ್ಲಿ ಆಯಾ ಆಗಿದ್ದಳು. ಮೂವತ್ತು ಮಕ್ಕಳು, ಒಂದು ದೊಡ್ಡ ಕೋಣೆ, ನಾಲ್ಕು ಚಾಪೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ಯಾವ ಅಳು ಯಾವುದಕ್ಕೆ ಎಂದು ಹೇಳುತ್ತಿದ್ದಳು. ಹಠದ ಅಳು ನಡುನಡುವೆ ನಿಲ್ಲುತ್ತದೆ, ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಎಂದು. ನಿದ್ದೆಯ ಅಳು ಹಳೇ ಬಾಗಿಲಿನಂತೆ ಎಳೆಯುತ್ತದೆ. ಕಿವಿನೋವಿನದು ಒಂದೇ ಶ್ರುತಿಯಲ್ಲಿ ಕೊರೆಯುತ್ತದೆ. ಆದರೆ ಏನೇ ಆಗಿರಲಿ, ಎಲ್ಲ ಅಳುವಿನ ಹೊಟ್ಟೆಯಲ್ಲೂ "ಅಮ್ಮಾ" ಇರುತ್ತದೆ. ಕರೆದರೆ ಬರುವವಳು ಒಬ್ಬಳಿದ್ದಾಳೆ ಎಂಬ ನಂಬಿಕೆ ಅದು.

ಆ ಎಂಟು ವರ್ಷದಲ್ಲಿ ಒಂದೇ ಒಂದು ಸಲ, ಅಮ್ಮಾ ಇಲ್ಲದ ಅಳುವನ್ನು ಅವಳು ಕೇಳಿದಳು. ನಾಲ್ಕು ವರ್ಷದ ಒಂದು ಹುಡುಗಿ, ಮಧ್ಯಾಹ್ನದ ಹೊತ್ತು, ಯಾರೋ ದೊಡ್ಡಪ್ಪ ಬಾಗಿಲಲ್ಲಿ ನಿಂತು ಹಿಂದುಮುಂದು ನೋಡದೆ, "ನಿಮ್ಮಮ್ಮ ಹೋಗ್ಬಿಟ್ಳು, ಬಾ," ಎಂದುಬಿಟ್ಟ. ಮಗು ಅಮ್ಮಾ ಎನ್ನಲಿಲ್ಲ. ಅದರ ಬಾಯಿಂದ ಬಂದದ್ದು ಮಾತಾಗಿರಲಿಲ್ಲ. ಪಾತ್ರೆಯ ನೊರೆ ಮೆತ್ತಿದ ಕೈಯಲ್ಲೇ ಪುಟ್ಟಕ್ಕ ಓಡಿಬಂದಳು. ಮೂವತ್ತು ವರ್ಷ ಬೇಕಾದ ಅಳುವನ್ನೆಲ್ಲ ಅತ್ತ ಅವಳು ಈ ಅಳುವನ್ನು ಮಾತ್ರ ಯಾವ ಸಿನಿಮಾಕ್ಕೂ ಕೊಡಲಿಲ್ಲ. ಕೊಡಲು ಬರುವುದೂ ಇಲ್ಲ ಎನ್ನುತ್ತಾಳೆ.

ಎರಡು ವರ್ಷದ ಹಿಂದೆ ಸ್ಟುಡಿಯೋದಿಂದ ಕರೆ ಬಂತು. ಮಕ್ಕಳ ಬಗೆಗಿನ ಒಂದು ದೆವ್ವದ ಸಿನಿಮಾ: ಹಳೆಯ ಹಾಸ್ಟೆಲು, ಒಬ್ಬೊಬ್ಬರಾಗಿ ಕಾಣೆಯಾಗುವ ಮಕ್ಕಳು, ಗೋಡೆಯೊಳಗಿಂದ ಕೇಳುವ ಅವರ ದನಿ. ಸ್ಟುಡಿಯೋ ಇರುವುದು ಒಂದು ಟೈರ್ ಅಂಗಡಿಯ ಮೇಲೆ, ಮೂರನೇ ಮಹಡಿ, ಲಿಫ್ಟಿಲ್ಲ. ಪ್ರತಿ ತಿರುವಿನಲ್ಲಿ ಮೊಣಕಾಲಿಗೊಂದು, ಕಟ್ಟಡದ ಮಾಲೀಕನಿಗೊಂದು ಬೈಗುಳ ಹಾಕುತ್ತ ಪುಟ್ಟಕ್ಕ ಮೇಲೆ ಬಂದಳು. ಗೋಡೆಗೆಲ್ಲ ಮಾಸಿದ ಕಾರ್ಪೆಟ್ಟು ಬಡಿದ ಕೋಣೆ. ಗಾಜಿನ ಆಚೆ ಧ್ವನಿ ಮುದ್ರಿಸುವ ಎಂಜಿನಿಯರು, ಇಪ್ಪತ್ತು ವರ್ಷದಿಂದ ಅವಳಿಗೆ ತಮ್ಮನಂತಿರುವವನು. ಅವನ ಪಕ್ಕದಲ್ಲಿ ನಿರ್ದೇಶಕ. ಮೂವತ್ತೈದರ ವಯಸ್ಸು, ಬೆಣ್ಣೆಯಂಥ ಮಾತು.

"ಒಂದೇ ಒಂದು ಮಾತು ಪುಟ್ಟಕ್ಕ, ಐದು ನಿಮಿಷದ ಕೆಲಸ," ಎಂದ ನಿರ್ದೇಶಕ. "ಕೂಗು ನಮ್ಮ ಗುಬ್ಬೀದೇ ಇದೆ. ಪಾತ್ರ ಮಾಡಿದ ಮಗೂನೇ. ಶೂಟಿಂಗಲ್ಲಿ ಬರೀ ಬಾಯಿ ತೆಗೆದಿದ್ಳು, ಮೊನ್ನೆ ಇಲ್ಲಿ ಕೂರಿಸಿ ಸದ್ದು ತಗೊಂಡ್ವಿ. ಅದ್ಭುತವಾಗಿ ಬಂದಿದೆ. ಆದ್ರೆ ಕೊನೇಲಿ ಅಮ್ಮಾ ಅಂತ ಬಂದಿಲ್ಲ. ಜನಕ್ಕೆ ಅದು ಬೇಕಲ್ವಾ? ನೀವು ಅಮ್ಮಾ ಅಂದ್ಬಿಡಿ, ನಾವು ಅಂಟಿಸ್ಕೋತೀವಿ."

"ಅಮ್ಮಾ ಅನ್ನೋಕೆ ನಾನ್ಯಾಕೆ? ಎಡವಿ ಬಿದ್ರೂ ಮಕ್ಕಳ ಬಾಯಿಗೆ ಮೊದಲು ಬರೋದೇ ಅದು."

"ಅದೇ ನೋಡಿ ತಮಾಷೆ, ಇವಳು ಅನ್ಲೇ ಇಲ್ಲ."

ಪುಟ್ಟಕ್ಕ ನೆಲದ ಮೇಲೆ ಕೂತು ಹೆಡ್‌ಫೋನು ಹಾಕಿಕೊಂಡಳು. ಅವಳ ಕೆಲಸದ ಒಂದು ರೀತಿ ಎಂಜಿನಿಯರಿಗೆ ಬಾಯಿಪಾಠ: ಅಳುವನ್ನು ಕೇಳಿಸುವ ಮುಂಚೆ ಅದರ ಹಿಂದಿನ ಉಸಿರು ಕೇಳಿಸಬೇಕು. ಅಳು ಹುಟ್ಟುವುದು ಬಾಯಲ್ಲಲ್ಲ, ಅದಕ್ಕೂ ಮುಂಚಿನ ಉಸಿರಿನಲ್ಲಿ ಎನ್ನುತ್ತಾಳೆ. ಹಾಗಾಗಿ ಅವಳಿಗಾಗಿ ಅವನು ಯಾವಾಗಲೂ ಸ್ವಲ್ಪ ಹಿಂದಿನಿಂದ ಹಾಕುತ್ತಾನೆ. ಎಂಜಿನಿಯರಿಗೂ ಒಂದು ಅಭ್ಯಾಸವಿದೆ. ಮಕ್ಕಳು ರೆಡಿ ಎಂದು ಹೇಳಿ ಬಾಯಿ ತೆರೆಯುವುದಿಲ್ಲವಲ್ಲ, ಅದಕ್ಕೆ ಮಗು ಕೋಣೆಗೆ ಕಾಲಿಟ್ಟ ಗಳಿಗೆಯಿಂದಲೇ ಮುದ್ರಣ ಶುರುಮಾಡಿಬಿಡುತ್ತಾನೆ. ಅವತ್ತು ಈ ಎರಡು ಅಭ್ಯಾಸಗಳೂ ಕೂಡಿಬಂದವು. ಅವನ ಕೈ ತನ್ನ ಪಾಡಿಗೆ ತಾನು ಮುದ್ರಣವನ್ನು ಹಿಂದಕ್ಕೆ ಎಳೆಯಿತು. ಎಳೆಯಬೇಕಾದದ್ದಕ್ಕಿಂತ ಹೆಚ್ಚು ಎಳೆಯಿತು.

ಪುಟ್ಟಕ್ಕನ ಕಿವಿಗೆ ಮೊದಲು ಬಿದ್ದದ್ದು ನಿರ್ದೇಶಕನ ದನಿ, ಮುದ್ದುಮಾಡುವ ದನಿ.

"ಗುಬ್ಬೀ, ಇಲ್ಲಿ ನೋಡು ಪುಟ್ಟಾ. ನಿಮ್ಮಮ್ಮ ಹೊರಗಡೆ ಇಲ್ಲ."

"ಟೀ ಕುಡಿಯೋಕೆ ಹೋಗಿದ್ದಾಳೆ," ಎಂದಿತು ಮಗುವಿನ ದನಿ.

"ಟೀಗೆ ಅಂತ ರೋಡ್ ದಾಟ್ತಾ ಇದ್ಳು. ಲಾರಿ ಬಂತು. ಅಮ್ಮ ಇನ್ನು ಬರಲ್ಲ ಪುಟ್ಟಾ. ಎಷ್ಟು ಕರೆದ್ರೂ ಬರಲ್ಲ."

ಆಮೇಲೆ ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಆ ಕೂಗು.

ಪುಟ್ಟಕ್ಕ ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಮೂವತ್ತೆಂಟು ವರ್ಷದ ಹಿಂದಿನ ಮಧ್ಯಾಹ್ನದ ಕೂಗು ಅದು, ಒಂದು ಕೂದಲೂ ಆಚೀಚೆ ಇಲ್ಲ. ಕರೆದರೂ ಬರುವುದಿಲ್ಲ ಎಂದು ಹೇಳಿದ ಮೇಲೆ ಮಗು ಯಾರನ್ನು ಕರೆಯಬೇಕು?

ಗಾಜಿನ ಆಚೆ ಎಂಜಿನಿಯರು ತಲೆ ತಗ್ಗಿಸಿ ಗುಂಡಿಗಳನ್ನು ನೋಡುತ್ತಿದ್ದ.

"ತಮ್ಮಾ, ನೀನು ಇಲ್ಲೇ ಕೂತಿದ್ಯಾ ಆವಾಗ?"

"ಕೂತಿದ್ದೆ ಅಕ್ಕಾ."

"ಏನು ಮಾಡ್ತಾ ಇದ್ದೆ?"

"ಮೀಟರಿನ ಮುಳ್ಳು ಕೆಂಪಿಗೆ ಹೋಗದ ಹಾಗೆ ನೋಡ್ಕೋತಾ ಇದ್ದೆ."

ಇದನ್ನು ಇನ್ನೊಮ್ಮೆ ಓದಿ. ಮಗುವಿಗೆ ತಾಯಿ ಸತ್ತಳೆಂದು ಒಬ್ಬ ಹೇಳುತ್ತಾನೆ. ಇನ್ನೊಬ್ಬ, ಇಬ್ಬರು ಹೆಣ್ಣುಮಕ್ಕಳ ತಂದೆ, ಸದ್ದು ಒಡೆಯದ ಹಾಗೆ ಜೋಪಾನ ಮಾಡುತ್ತಾನೆ. ಕೆಟ್ಟದ್ದು ನಡೆಯುವುದಕ್ಕೆ ರಾಕ್ಷಸರೇ ಬೇಕೆಂದು ನಾವು ತಿಳಿದಿದ್ದೇವೆ. ಬೇಕಿಲ್ಲ. ತನ್ನ ಕೆಲಸ ತಾನು ಅಚ್ಚುಕಟ್ಟಾಗಿ ಮಾಡುವವನೊಬ್ಬ ಪಕ್ಕದಲ್ಲಿ ಕೂತಿದ್ದರೆ ಸಾಕು.

"ಅಯ್ಯೋ ಪುಟ್ಟಕ್ಕ, ಒಂದೇ ನಿಮಿಷ ಅಷ್ಟೇ," ಎಂದ ನಿರ್ದೇಶಕ, ಅವಳ ಮುಖ ನೋಡಿ. "ಆಮೇಲೆ ಅಮ್ಮನ್ನ ತೋರಿಸ್ಬಿಟ್ವಿ. ಚಾಕೊಲೇಟ್ ಕೊಟ್ಟೆ, ನಕ್ಕಳು. ಮಕ್ಕಳು ಮರೆತುಬಿಡ್ತಾರೆ."

"ಮರೀತಾರಾ?"

"ಮರೀತಾರೆ. ನಾಳೆ ಇನ್ನೂ ಎರಡು ಕೂಗು ತಗೋಬೇಕು, ಬಾವಿ ಸೀನು, ಬೀರು ಸೀನು. ಅದೇ ಕಥೆ ಹೇಳಿದ್ರೆ ನಂಬಲ್ಲ, ಬೇರೆ ಏನಾದ್ರೂ ಹೇಳ್ಬೇಕು."

ಮರೆಯುತ್ತಾರಂತೆ, ಆದರೆ ಅದೇ ಸುಳ್ಳನ್ನು ಎರಡನೇ ಸಲ ನಂಬುವುದಿಲ್ಲವಂತೆ. ಒಂದೇ ಬಾಯಿ, ಒಂದೇ ಉಸಿರು.

ಪುಟ್ಟಕ್ಕ ಜಗಳಕ್ಕಿಳಿಯಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ನಾಳೆ. ಆ ಮಗು ನಾಳೆ ಈ ಕೋಣೆಗೆ ಬರಬಾರದು, ಅಷ್ಟೇ. "ಮೂರೂ ಕೂಗು ನಾನೇ ಕೊಡ್ತೀನಿ ಸಾರ್, ಮಗೂನ ಬಿಟ್ಬಿಡಿ," ಎಂದು ಮೈಕು ಎಳೆದುಕೊಂಡಳು. ಸದ್ದಾಗದಿರಲೆಂದು ಏಸಿ ಆರಿಸಿದರು. ಒಮ್ಮೆ ಕೂಗಿದಳು. ಮತ್ತೊಮ್ಮೆ. ಮೂರನೆಯ ಸಲಕ್ಕೆ ಗಂಟಲು ಹರಿದು ಕೆಮ್ಮು ಬಂತು, ಬೆವರು ಕಿವಿಯ ಹಿಂದೆ ಇಳಿಯಿತು. ಐವತ್ತಾರರ ಹೆಂಗಸು ನೆಲದ ಮೇಲೆ ಮೊಣಕಾಲು ಮಡಚಿ ಐದರ ಮಗುವಾಗಿ ಕಿರುಚುವುದನ್ನು ಕಲ್ಪಿಸಿಕೊಳ್ಳಿ. ಎಂಜಿನಿಯರು ಗುಬ್ಬಿಯ ಕೂಗನ್ನೂ ಅವಳ ಕೂಗನ್ನೂ ಒಂದರ ಹಿಂದೆ ಒಂದು ಹಾಕಿದ.

"ಚೆನ್ನಾಗಿದೆ," ಎಂದ ನಿರ್ದೇಶಕ. "ಆದ್ರೆ ಇದು ನಟನೆ ಅಂತ ಗೊತ್ತಾಗುತ್ತೆ. ಅವಳದ್ದರ ಮುಂದೆ ನಿಲ್ಲಲ್ಲ. ಬೇಜಾರು ಮಾಡ್ಕೋಬೇಡಿ."

"ಬೇಜಾರ್ಯಾಕೆ ಸಾರ್? ನಿಜಾನೇ. ಅಷ್ಟು ಚೆನ್ನಾಗಿ ನನಗೆ ಬರಲ್ಲ. ಯಾರಿಗೂ ಅಷ್ಟು ಚೆನ್ನಾಗಿ ಬರಬಾರದು ಅದು."

ಗೋಡೆ ಹಿಡಿದು ಮೇಲೆದ್ದಳು.

"ಅಮ್ಮಾ ಅನ್ನೋದು?" ಎಂದ ನಿರ್ದೇಶಕ.

ಮೂವತ್ತು ವರ್ಷದಲ್ಲಿ ಪುಟ್ಟಕ್ಕ ಒಬ್ಬ ನಿರ್ದೇಶಕನಿಗೂ ಏಕವಚನ ಹಾಕಿದವಳಲ್ಲ. ಮೀಸೆ ಮೂಡದವನಿಗೂ ಸಾರ್ ಎಂದವಳು. ಅವತ್ತು ಅಂದಳು: "ನೀನೇ ಅನ್ನು. ನಿಮ್ಮಮ್ಮನ್ನ ನೆನೆಸ್ಕೊಂಡು ನೀನೇ ಅನ್ನು."

ಮರುದಿನ ಬೆಳಿಗ್ಗೆ ಯಾರೂ ಕರೆಯದೆ ಮತ್ತೆ ಮೂರು ಮಹಡಿ ಹತ್ತಿದಳು. ಸ್ಟುಡಿಯೋದ ಹೊರಗೆ ಉದ್ದನೆಯ ವರಾಂಡ, ಒಂದು ಬೆಂಚು, ಬೆಂಚಿನ ಮೇಲೆ ಗುಬ್ಬಿಯ ತಾಯಿ. ಬಟ್ಟೆ ಕಾರ್ಖಾನೆಗೆ ಮನೆಯಲ್ಲೇ ಗುಂಡಿ ಹೊಲಿದು ಕೊಡುವವಳು. ಕಾಯುವ ಹೊತ್ತು ದಂಡವಾಗಬಾರದೆಂದು ಒಂದು ಚೀಲ ಅಂಗಿಗಳನ್ನು ತಂದಿದ್ದಳು. ಮಗು ಅವಳ ಕಾಲಬುಡದಲ್ಲಿ ಕೂತಿತ್ತು. ಆ ಚೀಲದ ಪಟ್ಟಿಯನ್ನು ತನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿತ್ತು.

"ಯಾಕಮ್ಮಾ ಹೀಗೆ ಕಟ್ಕೊಂಡಿದ್ದಾಳೆ?" ಎಂದು ಪುಟ್ಟಕ್ಕ ಪಕ್ಕದಲ್ಲಿ ಕೂತಳು.

"ಮೂರು ದಿನದಿಂದ ಇದೇ ರಾಮಾಯಣ ನೋಡಿ. ಬಚ್ಚಲಿಗೆ ಹೋದ್ರೂ ಬಾಗಿಲು ಹಾಕ್ಕೊಳ್ಳೋಕೆ ಬಿಡಲ್ಲ. ರೋಡ್ ದಾಟೋಣ ಬಾ ಅಂದ್ರೆ ಫುಟ್‌ಪಾತ್ ಮೇಲೆ ಕೂತ್ಬಿಡ್ತಾಳೆ, ನನ್ನ ಕಾಲು ಹಿಡ್ಕೊಂಡು. ಇವತ್ತು ಎತ್ಕೊಂಡು ದಾಟಿದ್ದೀನಿ, ಭುಜ ಎಲ್ಲ ಕಚ್ಚಿದ್ದಾಳೆ. ದೆವ್ವದ ಪಿಕ್ಚರ್ ಅಲ್ವಾ, ಹೆದರ್ಕೊಂಡಿದ್ದಾಳೆ ಅನ್ಕೊಂಡೆ."

"ಒಳಗೆ ನೀನು ಹೋಗಿರ್ಲಿಲ್ವಾ?"

"ತಾಯಿ ಇದ್ರೆ ಮಕ್ಕಳು ನಾಚ್ಕೋತಾರೆ, ಟೀ ಕುಡ್ಕೊಂಡು ಬನ್ನಿ ಅಂದ್ರು ಸಾರ್. ಒಳ್ಳೇ ಮನುಷ್ಯ, ಗುಬ್ಬಿಗೆ ಚಾಕೊಲೇಟ್ ಎಲ್ಲ ಕೊಡ್ತಾರೆ."

ನಿರ್ದೇಶಕ ಇನ್ನೂ ಬಂದಿರಲಿಲ್ಲ. ಪುಟ್ಟಕ್ಕ ಒಳಗೆ ಹೋಗಿ ಎಂಜಿನಿಯರಿನ ಮುಂದೆ ನಿಂತಳು.

"ಅಕ್ಕಾ, ನನ್ನ ಕೆಲಸ ಹೋಗುತ್ತೆ," ಎಂದ ಅವನು, ಅವಳು ಏನೂ ಕೇಳುವ ಮುಂಚೆಯೇ.

"ನಿನಗೆ ನಾನು ಏನೂ ಮಾಡು ಅಂತ ಹೇಳಲ್ಲಪ್ಪಾ. ಟೀ ಕುಡ್ಕೊಂಡು ಬಾ ಹೋಗು."

ಅವನು ಮೊನ್ನೆಯ ಮುದ್ರಣವನ್ನು ತೆರೆದ, ಹಿಂದಕ್ಕೆ ಎಳೆದ, ಈ ಸಲ ಬೇಕೆಂದೇ ಪೂರ್ತಿ ಹಿಂದಕ್ಕೆ ಎಳೆದ, ಎದ್ದು ಕೆಳಗೆ ಹೋದ. ಅವನ ಬಾಳಿನಲ್ಲಿ ಅವನು ಮಾಡಿದ ಅತಿ ದೊಡ್ಡ ಕೆಲಸ ಕುರ್ಚಿ ಖಾಲಿ ಬಿಟ್ಟು ಹೋದದ್ದು. ಅದನ್ನು ಮೂರು ದಿನ ಮೊದಲೇ ಮಾಡಬಹುದಿತ್ತು. ಅದನ್ನೂ ಬರೆದಿಡುತ್ತೇನೆ.

ಹೊಲಿಗೆ ಕೈಯಲ್ಲಿದ್ದ ಹಾಗೆಯೇ ತಾಯಿಯನ್ನೂ ಮಗುವನ್ನೂ ಒಳಗೆ ಕರೆದು, ತಾಯಿಯ ಕಿವಿಗೆ ಪುಟ್ಟಕ್ಕ ಹೆಡ್‌ಫೋನು ಹಾಕಿ ಮುದ್ರಣ ಹಚ್ಚಿದಳು, ಮಗುವಿಗೆ ಕೇಳಿಸದ ಹಾಗೆ. ಮಗು ಚೀಲದ ಪಟ್ಟಿ ಬಿಡಲಿಲ್ಲ. ಪಟ್ಟಿಯ ಆ ತುದಿಯಲ್ಲಿ ಕೂತು ಅಮ್ಮನ ಮುಖ ನೋಡುತ್ತಿತ್ತು. ತಾಯಿ ಮೊದಲು ಮುಗುಳ್ನಕ್ಕಳು. ಮಗಳ ದನಿ ಕೇಳಿಸಿತ್ತಲ್ಲ, ಟೀ ಕುಡಿಯೋಕೆ ಹೋಗಿದ್ದಾಳೆ ಎಂದು. ಆ ನಗು ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯುವುದು ಮರೆತುಹೋದ ಹಾಗೆ. ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿ ಅಂಗಿಯ ಮೇಲೆ ಒಂದು ಕೆಂಪು ಚುಕ್ಕಿ ಬಿತ್ತು. ಅವಳು ನೋಡಲಿಲ್ಲ. ಹೆಡ್‌ಫೋನು ತೆಗೆದಳು. ಅಳಲಿಲ್ಲ. ಮಗುವನ್ನು ಎತ್ತಿಕೊಂಡಳು, ಚೀಲವನ್ನು ಎತ್ತಿಕೊಂಡಳು, ಹೊರಟಳು.

ಮೆಟ್ಟಿಲ ತಿರುವಿನಲ್ಲಿ ನಿರ್ದೇಶಕ ಎದುರಾದ.

"ಅರೆ, ಎಲ್ಲಿಗಮ್ಮಾ? ಗುಬ್ಬೀ, ಬಾ ಬಾ!"

"ಸಾರ್, ನಾನು ಸತ್ತಿಲ್ಲ," ಎಂದಳು ತಾಯಿ.

ಅವನು ಅವಳ ಹಿಂದೆ, ಮೇಲಿನ ಬಾಗಿಲ ಕಡೆ ನೋಡಿದ.

"ನೋಡಿ, ಇಲ್ಲೇ ನಿಂತಿದ್ದೀನಿ. ಲಾರಿ ಬರ್ಲಿಲ್ಲ. ಇವಳಿಗೆ ಹೇಳಿ. 'ನಾನು ಸುಳ್ಳು ಹೇಳ್ದೆ' ಅಂತ ನಿಮ್ಮ ಬಾಯಿಂದಾನೇ ಇವಳಿಗೆ ಹೇಳಿ. ನಾನು ಹೇಳಿದ್ರೆ ನಂಬಲ್ಲ ಇವಳು."

"ಅದು ಆಟ ಪುಟ್ಟಾ, ಸುಮ್ನೆ ಆಟ..."

"ಆಟ ಅಲ್ಲ. ಸುಳ್ಳು ಅನ್ನಿ."

ಮಗು ಅಮ್ಮನ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಿತ್ತು, ಒಂದು ಕಣ್ಣು ಮಾತ್ರ ಹೊರಗೆ. ಒಂದೇ ಒಂದು ಮಾತು. ಐದು ನಿಮಿಷವೂ ಬೇಡ, ಅರ್ಧ ನಿಮಿಷದ ಕೆಲಸ. ಅವನು ಗಡಿಯಾರ ನೋಡಿಕೊಂಡ. "ಅಗ್ರಿಮೆಂಟಿಗೆ ಸೈನ್ ಮಾಡಿದ್ದೀರಿ, ಮೇಲೆ ಬನ್ನಿ ಮಾತಾಡೋಣ," ಎಂದ. ತಾಯಿ ಅವನ ಪಕ್ಕದಿಂದ ಕೆಳಗಿನ ಮೆಟ್ಟಿಲಿಗೆ ಇಳಿದಳು. ಹಿಂದಿನಿಂದ ಪುಟ್ಟಕ್ಕ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಅಗಲ ಮೈಯವಳು. ಕಿರಿದಾದ ಆ ಮೆಟ್ಟಿಲಲ್ಲಿ ಅವನಿಗೂ ತಾಯಿಗೂ ನಡುವೆ ಬಂದು ನಿಂತುಬಿಟ್ಟಳು. "ನೀನು ಹೋಗಮ್ಮಾ. ನಾನು ನಿಧಾನಕ್ಕೆ ಇಳೀತೀನಿ. ನನ್ನ ದಾಟ್ಕೊಂಡು ಹೋಗೋಕೆ ಇವರಿಗೆ ಸ್ವಲ್ಪ ಹೊತ್ತು ಬೇಕು," ಎಂದಳು.

ಬಾವಿ ಸೀನಿಗೂ ಬೀರು ಸೀನಿಗೂ ಗುಬ್ಬಿ ಕಿರುಚಲಿಲ್ಲ. ಅಷ್ಟು ಗೆದ್ದಳು ಪುಟ್ಟಕ್ಕ. ಅಲ್ಲಿಂದಾಚೆಗೆ ಯಾವ ಸ್ಟುಡಿಯೋವೂ ಅವಳನ್ನು ಕರೆದಿಲ್ಲ. ಮಕ್ಕಳ ದನಿಗೆ ವಯಸ್ಸಾಯಿತು ಎನ್ನುತ್ತಾರಂತೆ. ಎಂಜಿನಿಯರು ಈಗ ಬೇರೆ ಊರಲ್ಲಿದ್ದಾನೆ.

ಆದರೆ ಮೊದಲನೆಯ ಕೂಗು ಸಿನಿಮಾದಲ್ಲಿ ಉಳಿಯಿತು. ಅಗ್ರಿಮೆಂಟಿನ ಪ್ರಕಾರ ಅದು ಅವರದಂತೆ. ತುದಿಗೆ ಬೇರೆ ಯಾರದೋ "ಅಮ್ಮಾ" ಅಂಟಿಸಿದರು. ಸಿನಿಮಾ ಶುರುವಾಗುವ ಮುಂಚೆ ಎರಡು ಫಲಕ ಬರುತ್ತವೆ. ಒಂದು: ಈ ಚಿತ್ರದಲ್ಲಿ ನಿಮ್ಮ ಮನಸ್ಸಿಗೆ ಘಾಸಿಯಾಗುವ ದೃಶ್ಯಗಳಿರಬಹುದು. ಇನ್ನೊಂದು: ಈ ಚಿತ್ರದಲ್ಲಿ ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ. ಹಾಸ್ಟೆಲಿನ ಅಂಗಳದಲ್ಲಿ ಒಂದು ನಾಯಿ ಓಡುತ್ತದೆ, ಅದಕ್ಕೆ. ಆ ನಾಯಿ ಓಡಿದ ದಿನ ನೆರಳಿತ್ತು, ನೀರಿತ್ತು, ಪಶುವೈದ್ಯನೊಬ್ಬ ಕುರ್ಚಿ ಹಾಕಿಕೊಂಡು ಕೂತಿದ್ದ. ನಾಯಿಗೆ ಅದು ಸಿಗಲೇಬೇಕು, ಅದರ ಮೇಲೆ ನನಗೆ ಸಿಟ್ಟಿಲ್ಲ. ನೋಡುವ ನಮ್ಮ ಮನಸ್ಸಿಗೆ ಒಂದು ಎಚ್ಚರಿಕೆ, ಓಡುವ ನಾಯಿಗೆ ಒಂದು ಭರವಸೆ. ಕೂಗಿದ ಮಗುವಿಗೆ ಮಾತ್ರ ಒಂದು ಚಾಕೊಲೇಟು.

ಗುಬ್ಬಿಗೆ ಈಗ ಏಳು. ಶಾಲೆಯ ಎದುರಿನ ರಸ್ತೆಯ ಅಂಚಿನಲ್ಲಿ ಈಗಲೂ ಕೂತುಬಿಡುತ್ತಾಳೆ. ವಾರಕ್ಕೆರಡು ದಿನ ಪುಟ್ಟಕ್ಕ ಹೋಗಿ ಅವಳ ಪಕ್ಕದಲ್ಲಿ, ನೆಲದ ಮೇಲೇ, ಮೊಣಕಾಲಿನ ಗೋಳನ್ನು ಲೆಕ್ಕಿಸದೆ ಕೂರುತ್ತಾಳೆ. "ಕರಿ ನೋಡೋಣ," ಎನ್ನುತ್ತಾಳೆ. ರಸ್ತೆಯ ಆಚೆ ತಾಯಿ ನಿಂತಿರುತ್ತಾಳೆ. ಎಷ್ಟೋ ಹೊತ್ತಾದ ಮೇಲೆ ಗುಬ್ಬಿ ಸಣ್ಣಗೆ "ಅಮ್ಮಾ" ಎನ್ನುತ್ತಾಳೆ. ತಾಯಿ ಎರಡೂ ಕಡೆ ನೋಡಿ, ದಾಟಿ ಬರುತ್ತಾಳೆ. ಕರೆದರೆ ಬರುತ್ತಾಳೆ ಎಂದು ಆ ಮಗುವಿಗೆ ಮೊದಲಿನಿಂದ ಕಲಿಸುತ್ತಿದ್ದಾರೆ ಇಬ್ಬರು ಹೆಂಗಸರು.

ಇನ್ನು ನೀವು. ಆ ಕೂಗನ್ನು ಯಾರೋ ಸಿನಿಮಾದಿಂದ ಕತ್ತರಿಸಿ ತೆಗೆದರು. ಈಗ ಅದು ಫೋನಿನಿಂದ ಫೋನಿಗೆ ಓಡಾಡುತ್ತಿದೆ. ಪರೀಕ್ಷೆಯ ಫಲಿತಾಂಶ ನೋಡಿದವನ ಚಿತ್ರಕ್ಕೆ, ಸೋತ ಆಟಗಾರನ ಚಿತ್ರಕ್ಕೆ, ಹೆಂಡತಿಯ ಅಡುಗೆಯ ಬಗೆಗಿನ ಹಳಸಲು ಜೋಕಿಗೆ ಅದನ್ನು ಅಂಟಿಸಿ ನಗುತ್ತಿದ್ದೀರಿ. ಒಬ್ಬರು ಅದನ್ನೇ ರಿಂಗ್‌ಟೋನ್ ಮಾಡಿಕೊಂಡಿದ್ದಾರೆ, ಬಸ್ಸಿನಲ್ಲಿ ನಾನೇ ಕೇಳಿದೆ. ನಗುವಾಗ ನಿಮಗೆ ಗೊತ್ತಿರಲಿಲ್ಲ, ಒಪ್ಪಿದೆ. ಈಗ ಗೊತ್ತಾಯಿತು. ಈ ಪತ್ರಿಕೆಯನ್ನು ಕೆಳಗಿಡಿ. ಫೋನು ತೆಗೆಯಿರಿ. ಆ ಕೂಗು ನಿಮ್ಮ ಫೋನಿನಲ್ಲಿದ್ದರೆ ಈಗಲೇ ಅಳಿಸಿ, ನಿಮಗೆ ಕಳಿಸಿದವರಿಗೂ ಅಳಿಸಲು ಹೇಳಿ.